ನಿಂಬೆವ್ವನ ಬೆಂಕಿ

ನಮ್ಮೂರಲ್ಲಿ ಬಾಡಿಗೆಯವರನ್ನು ಮನೆ ಬಿಡಿಸಬೇಕಾದರೆ ಮಾಲೀಕನಾದವನು ಓಣಿಯ ಹಿರಿಯನನ್ನು ಕರೆದುಕೊಂಡು ಹೋಗಿ ಅವರ ಒಲೆಯ ಬೂದಿಯಲ್ಲಿ ತನ್ನ ಬಲಗೈ ಇಡಬೇಕಾಗಿತ್ತು. ಬೂದಿ ತಣ್ಣಗಿದ್ದರೆ 'ಬೂದಿ ತಣ್ಣಗೈತಿ' ಅನ್ನಬೇಕು, ಅಷ್ಟೇ. ಅದರ ಮೇಲೆ ಬಾಡಿಗೆಯವರು ಬರುವ ಅಮಾವಾಸ್ಯೆಯೊಳಗೆ ಮನೆ ಖಾಲಿ ಮಾಡುತ್ತಿದ್ದರು. ಬೂದಿ ಬೆಚ್ಚಗಿದ್ದರೆ ಮಾಲೀಕ ಕೈ ಒರೆಸಿಕೊಂಡು, ಅವರು ಕೊಟ್ಟ ಚಹಾ ಕುಡಿದು ಸುಮ್ಮನೆ ಎದ್ದು ಬರಬೇಕು. ಮಾಲೀಕನಿಗೆ ಮನೆ ಎಷ್ಟು ಅಗತ್ಯ, ಬಾಡಿಗೆಯವರು ಎಂಥ ಜನ, ಇದನ್ನೆಲ್ಲ ಯಾರೂ ಕೇಳುತ್ತಿರಲಿಲ್ಲ. ಪರಊರಿನವರು ಈ ಕಾಯ್ದೆ ಕೇಳಿ ನಗುತ್ತಾರೆ. ನಗಲಿ. ಅವರ ಊರುಗಳನ್ನೂ ನಾನು ನೋಡಿದ್ದೇನೆ. ಮನೆ ಬಿಡಿಸುವ ಮಾಲೀಕ ಬಾಡಿಗೆಯವರ ಅಡುಗೆಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತದ್ದನ್ನು ಮಾತ್ರ ಅಲ್ಲೆಲ್ಲೂ ಕಾಣಲಿಲ್ಲ.

ಹೀಗಾಗಿ ಬಾಡಿಗೆ ಮನೆಗಳ ಒಲೆ ಆರುತ್ತಲೇ ಇರಲಿಲ್ಲ. ಅಡುಗೆ ಮುಗಿದ ಮೇಲೆ ಕೆಂಡಗಳನ್ನು ಒಂದು ಮೂಲೆಗೆ ಕೂಡಿಸಿ, ಮೇಲೆ ಕುಳ್ಳಿನ, ಅಂದರೆ ಸಗಣಿಯ ಬೆರಣಿಯ, ಚೂರಿಟ್ಟು, ಭತ್ತದ ಹೊಟ್ಟು ಉದುರಿಸಿ, ಬೂದಿ ಹೊದಿಸುತ್ತಿದ್ದರು. ಅದಕ್ಕೆ ಬೆಂಕಿ ಮಲಗಿಸುವುದು ಅನ್ನುತ್ತಿದ್ದರು. ನಾಟಕದ ಕಂಪನಿ ಬಂದಾಗ ಮಧ್ಯಂತರದಲ್ಲಿ ಅರ್ಧ ಹೆಂಗಸರು ಮನೆಗೆ ಓಡಿಹೋಗಿ ಕೆಂಡ ಕೆದಕಿ ಬರುತ್ತಿದ್ದರು. ಅವರು ಬರುವ ತನಕ ರಾಜನ ಪಾರ್ಟಿನವನು ಪರದೆಯ ಹಿಂದೆ ಬೀಡಿ ಸೇದುತ್ತ ಕಾಯುತ್ತಿದ್ದ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೋ ಎಂದು ಕೇಳುವ ಮೊದಲು ಬೆಂಕಿ ಮಲಗಿಸಲು ಬರುತ್ತದೆಯೋ ಎಂದು ಕೇಳುತ್ತಿದ್ದರು. ಬೆಂಕಿಪೊಟ್ಟಣ ಸ್ವಂತ ಮನೆಯವರ ಡೌಲು. ನಮ್ಮವ್ವ ದಿನಾ ಬೆಳಿಗ್ಗೆ ಕಡ್ಡಿ ಗೀರಿ ಒಲೆ ಹೊತ್ತಿಸುತ್ತಿದ್ದಳು, ಅದೂ ಹಿತ್ತಲ ಬಾಗಿಲು ತೆರೆದಿಟ್ಟು, ಗೀರಿದ ಸದ್ದು ನಾಲ್ಕು ಮನೆಗೆ ಕೇಳುವ ಹಾಗೆ. ಊರಿಗೆ ಊರೇ ಹೊಗೆಯ ವಾಸನೆ ಹೊಡೆಯುತ್ತಿತ್ತು. ಈಗ ಎಲ್ಲಾದರೂ ಕುಳ್ಳಿನ ಹೊಗೆ ಮೂಗಿಗೆ ಬಿದ್ದರೆ ನನಗೆ ಕಣ್ಣು ತುಂಬಿ ಬರುತ್ತದೆ, ಹೊಗೆಯಿಂದ ಅಂತ ಸೊಸೆಗೆ ಹೇಳುತ್ತೇನೆ.

ಮಾಲೀಕರ ಬದುಕೂ ಸುಖದ್ದೇನಲ್ಲ. ಮನೆ ಬೇಕಾದವರು ಬೆಳಗಿನ ತಿರುಗಾಟದ ನೆವ ಮಾಡಿಕೊಂಡು ಮುಖ ಮೇಲೆತ್ತಿ ಓಣಿಯಲ್ಲಿ ಸುತ್ತುತ್ತಿದ್ದರು, ಹೆಂಚಿನ ಸಂದಿನಿಂದ ಹೊಗೆ ಏಳುತ್ತಿದೆಯೋ ಇಲ್ಲವೋ ನೋಡಲು. ಎದುರಾದವರು, ಸಾಹುಕಾರರಿಗೆ ಇವತ್ತು ನೆಗಡಿ ಇದ್ದ ಹಾಗಿದೆ ಎಂದು ಛೇಡಿಸುತ್ತಿದ್ದರು. ಒಬ್ಬ ಮಹಾನುಭಾವ ಮಳೆಗಾಲದಲ್ಲಿ ಬಾಡಿಗೆಯವರ ಒಲೆಯ ನೇರಕ್ಕೆ ಒಂದು ಹೆಂಚು ಸರಿಸಿ ಬಂದ. ನೀರು ತೊಟ್ಟಿಕ್ಕಿ ಒಲೆ ಆರಿತು. ಕೈ ಇಡಿಸಲು ಬಂದ ಸಣ್ಣಪ್ಪಜ್ಜ ಒಮ್ಮೆ ಮೇಲೆ ಹೆಂಚು ನೋಡಿದ, ಒಮ್ಮೆ ಒಲೆ ನೋಡಿದ, ಇದು ತಣ್ಣಗಾದ ಬೂದಿಯಲ್ಲ, ನೆನೆದ ಬೂದಿ ಅಂದುಬಿಟ್ಟ. ಆ ಮಾಲೀಕ ಬದುಕಿರುವ ತನಕ ಮತ್ತೆ ಆ ಮನೆ ಕೇಳುವ ಹಾಗಿರಲಿಲ್ಲ. ಸಣ್ಣಪ್ಪಜ್ಜನೇ ನಮ್ಮ ಓಣಿಯ ಹಿರಿಯ. ಮಾತು ಕಡಿಮೆ, ನಶ್ಯ ಜಾಸ್ತಿ.

ನಮ್ಮಪ್ಪ ಯಂಕಪ್ಪ ಶಾಲೆಯ ಡ್ರಿಲ್ ಮಾಸ್ತರ. ಊರಿಗೆಲ್ಲ ಯಂಕಪ್ಪ ಮಾಸ್ತರ. ನಮ್ಮ ಮನೆಗೆ ಬೆನ್ನು ಹಚ್ಚಿ ಒಂದು ಸಣ್ಣ ಹಿತ್ತಲಮನೆ ಇತ್ತು, ಎರಡಕ್ಕೂ ಒಂದೇ ಬಾವಿ. ನಾನು ಹುಟ್ಟುವ ಮೊದಲಿನಿಂದ ಅದರಲ್ಲಿ ತಿಪ್ಪಣ್ಣ, ನಿಂಬೆವ್ವ ಎಂಬ ಗಂಡಹೆಂಡತಿ ಬಾಡಿಗೆಗಿದ್ದರು. ಮಕ್ಕಳಿರಲಿಲ್ಲ. ತಿಪ್ಪಣ್ಣ ಬಾಸಿಂಗ ಕಟ್ಟುತ್ತಿದ್ದ. ಮದುವೆಯಲ್ಲಿ ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗವೆಂದರೆ ಬೆಂಡು, ಬಣ್ಣದ ಕಾಗದ, ಜರತಾರಿ, ಮಿಣಿಮಿಣಿ ಕನ್ನಡಿ ಚೂರು. ಒಂದು ಕಿಡಿ ಹಾರಿದರೆ ಇಡೀ ಸುಗ್ಗಿಯ ದುಡಿಮೆ ಬೂದಿ. ಆದ್ದರಿಂದ ತಿಪ್ಪಣ್ಣ ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. ಬೆಂಕಿ ಕಂಡರೆ ಹಾವು ಕಂಡವನ ಹಾಗೆ ಸರಿದು ನಿಲ್ಲುತ್ತಿದ್ದ. ಒಲೆಯೆಲ್ಲ ನಿಂಬೆವ್ವನ ರಾಜ್ಯ. ಮದುವೆಯಾಗಿ ಬಂದಾಗ ತವರಿನ ಒಲೆಯಿಂದ ತಂದ ಬೆಂಕಿಯನ್ನು ಅವಳು ಒಂದು ದಿನವೂ ಆರಲು ಬಿಟ್ಟವಳಲ್ಲ ಎಂದು ಓಣಿಯೆಲ್ಲ ಹೇಳುತ್ತಿತ್ತು. ಊರಿಗೆ ಹೋಗುವಾಗ ಆ ಬೆಂಕಿಯನ್ನು ನೋಡಿಕೊಳ್ಳಲು ಯಾರಿಗೆ ಹೇಳಿ ಹೋಗುತ್ತಿದ್ದಳು ಗೊತ್ತೇ? ನಮ್ಮವ್ವನಿಗೆ. ಮಾಲೀಕನ ಹೆಂಡತಿ ಬಾಡಿಗೆಯವರ ಒಲೆಗೆ ಕುಳ್ಳು ಇಟ್ಟು ಬರುತ್ತಿದ್ದಳು. ಕಾಯ್ದೆ ಗಂಡಸರದು, ಒಲೆ ನಮ್ಮದು ಎಂದು ಇಬ್ಬರೂ ನಗುತ್ತಿದ್ದರು.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ ನಮ್ಮ ಕಾಶಕ್ಕ ಕಂಕುಳಲ್ಲಿ ಕೂಸು ಎತ್ತಿಕೊಂಡು ಗಂಡನ ಮನೆಯಿಂದ ಬಂದಳು. ಅವಳ ಗಂಡ ಇನ್ನೊಬ್ಬಳನ್ನು ತಂದು ಮನೆ ತುಂಬಿಸಿಕೊಂಡಿದ್ದ. ನನ್ನ ಅಕ್ಕನಿಗೆ ಅಳುವ ಅಭ್ಯಾಸ ಇರಲಿಲ್ಲ, ಅಳದೆ ಇರುವವರನ್ನು ನೋಡುವುದು ಇನ್ನೂ ಕಷ್ಟ. ನಮ್ಮ ಮನೆಯೋ, ಒಂದು ಪಡಸಾಲೆ, ಒಂದು ಅಡುಗೆಮನೆ, ಅಣ್ಣ ಅತ್ತಿಗೆಗೆ ಬಿಟ್ಟುಕೊಟ್ಟ ಒಂದು ಕೋಣೆ. ಪಡಸಾಲೆಯ ತೊಲೆಗೆ ಕಾಶಕ್ಕ ತೊಟ್ಟಿಲು ಕಟ್ಟಿದಳು. ಮನೆಗೆ ಯಾರಾದರೂ ಬಂದರೆ ಅತ್ತಿಗೆ ಬಾಯಿಬಿಟ್ಟು ಏನೂ ಅನ್ನದೆ ತೊಟ್ಟಿಲನ್ನೊಮ್ಮೆ ನೋಡುತ್ತಿದ್ದಳು, ಕಾಶಕ್ಕ ಎದ್ದು ಅದನ್ನು ಬಿಚ್ಚುತ್ತಿದ್ದಳು. ಬಂದವರು ಹೋದ ಮೇಲೆ ಮತ್ತೆ ಕಟ್ಟುತ್ತಿದ್ದಳು. ಅಪ್ಪ ಇದನ್ನು ಕೆಲವು ದಿನ ನೋಡಿದ. ಆಮೇಲೆ ಅವನೂ ಬೆಳಿಗ್ಗೆ ಎದ್ದು ಹಿತ್ತಲಮನೆಯ ಹೆಂಚು ನೋಡತೊಡಗಿದ.

ಅಪ್ಪ ಮುಚ್ಚುಮರೆ ಮಾಡುವ ಮನುಷ್ಯನಲ್ಲ. ಹಿತ್ತಲಮನೆ ಮಗಳಿಗೆ ಬೇಕಾಗಿದೆ ಎಂದು ತಿಪ್ಪಣ್ಣನಿಗೆ ನೇರವಾಗಿ ಹೇಳಿದ. ಬೂದಿಯಲ್ಲಿ ಕೈ ಇಡದೆ ಮನೆ ಬಿಡಿ ಎಂದು ಕೇಳುವ ಹಾಗಿರಲಿಲ್ಲವಲ್ಲ, ಬೇಕಾಗಿದೆ ಎಂದಷ್ಟೇ ಹೇಳಿ ಬಂದ. ತಿಪ್ಪಣ್ಣ ತಲೆ ತಗ್ಗಿಸಿದ. ಬೇರೆ ಮನೆ ಎಲ್ಲಿ ಸಿಗಬೇಕು? ಇದ್ದ ಮನೆಗಳಲ್ಲೆಲ್ಲ ಒಲೆ ಉರಿಯುತ್ತಿತ್ತು. ಮರುದಿನದಿಂದ ಅಪ್ಪ ಶಾಲೆಗೆ ಹೋಗುವ ಮುನ್ನ ಅವರ ಅಡುಗೆಮನೆ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮುವುದು, ನಿಂಬೆವ್ವ ಬರ್ರಿ ಮಾಸ್ತರ ಎಂದು ಮಣೆ ಹಾಕುವುದು, ಅದೇ ಒಲೆಯ ಮೇಲೆ ಚಹಾ ಕುದಿಸಿ ಕೊಡುವುದು, ಅಪ್ಪ ಕುಡಿದು ಎದ್ದು ಬರುವುದು, ಇದೊಂದು ನೇಮವೇ ಆಯಿತು. ನಮ್ಮನೆ ಚಹಾಕ್ಕಿಂತ ಅಲ್ಲಿನದೇ ರುಚಿ ಎಂದು ಅಪ್ಪ ಒಮ್ಮೆ ಬಾಯಿ ತಪ್ಪಿ ಹೇಳಿ ಅವ್ವನಿಂದ ಸರಿಯಾಗಿ ಅನ್ನಿಸಿಕೊಂಡ. ಮನೆ ಬಿಡಿಸಲು ಹೋದವರು ಚಹಾದ ಋಣಕ್ಕೆ ಬಿದ್ದರು ಎಂದು ಅವ್ವ ಬಾವಿಕಟ್ಟೆಯ ಮೇಲೆ ಎಲ್ಲರಿಗೂ ಹೇಳಿ ನಗಿಸಿದಳು.

ಆ ಚಳಿಗಾಲದಲ್ಲಿ ನಿಂಬೆವ್ವನಿಗೆ ಎದೆನೋವು ಶುರುವಾಯಿತು. ಮೊದಲು ಕೂತು ಏಳಲು ದಮ್ಮು, ಆಮೇಲೆ ನಿಂತಲ್ಲೇ ದಮ್ಮು. ಒಲೆಯ ಮುಂದೆ ಚಾಪೆ ಹಾಕಿಸಿಕೊಂಡು ಮಲಗಿದಲ್ಲಿಂದಲೇ ಕೈ ಚಾಚಿ ಕೆಂಡ ಸರಿಮಾಡುತ್ತಿದ್ದಳು. ನಮ್ಮೂರಲ್ಲಿ ಒಂದು ಗಾದೆ ಇತ್ತು, ಹೆಂಡತಿ ಸತ್ತವನಿಗೆ ಮನೆ ನಿಲ್ಲದು ಅಂತ. ಅದು ಗಾದೆಯಷ್ಟೇ ಅಲ್ಲ. ಒಲೆ ಕಾಯಲು ಬಾರದ ವಿಧುರರು ಒಂದು ಓಣಿಯಿಂದ ಇನ್ನೊಂದು ಓಣಿಗೆ ಗಂಟು ಹೊತ್ತು ತಿರುಗಿ ತಿರುಗಿ, ಕೊನೆಗೆ ಸಂತೆಮಾಳದ ಛತ್ರದಲ್ಲಿ ಸಾಲಾಗಿ ಮಲಗುವುದನ್ನು ನಾವೆಲ್ಲ ನೋಡಿದ್ದೆವು. ಯಾರ ಒಲೆಯ ಹಂಗೂ ಇಲ್ಲದ ಜಾಗ ಅದೊಂದೇ. ಒಂದು ಮಧ್ಯಾಹ್ನ ನಾನು, ಅವ್ವ ಗಂಜಿ ತೆಗೆದುಕೊಂಡು ಹೋದಾಗ ನಿಂಬೆವ್ವ ಅವ್ವನ ಕೈ ಹಿಡಿದುಕೊಂಡಳು.

"ಮನಿ ನಿಮ್ದು, ನಿಮಗ ಬೇಕಾಗೇತಿ, ತಗೊಳ್ಳ್ರಿ. ಅದಕ್ಕ ನಾ ಬ್ಯಾಡ ಅನ್ನಂಗಿಲ್ಲ. ಇವರು ಛತ್ರಕ್ಕ ಹೋಗಬಾರ್ದವ್ವ, ಅಷ್ಟ ನನ್ನ ಜೀವ. ಇವರಿಗೆ ಬೆಂಕಿ ಅಂದ್ರ ಅಂಜಿಕಿ."

ಅವ್ವ ಗಂಜಿಯ ಬಟ್ಟಲನ್ನು ಅವಳ ಬಾಯಿಗೆ ಹಿಡಿದಳು. ಮಾತು ಕೊಡುವ ಹಾಗಿರಲಿಲ್ಲ, ಮನೆಗೆ ಬಂದರೆ ತೊಟ್ಟಿಲು ಕಣ್ಣಿಗೆ ಬೀಳುತ್ತಿತ್ತು. ನಿಂಬೆವ್ವ ಶಿವರಾತ್ರಿಯ ಆಸುಪಾಸಿನಲ್ಲಿ, ಹೊಟ್ಟಿನ ಬುಟ್ಟಿಗೆ ಕೈ ಚಾಚಿದವಳು ಹಾಗೇ ತೀರಿಕೊಂಡಳು. ನನಗೆ ಅವಳು ಹೆತ್ತವ್ವನಿಗಿಂತ ಹೆಚ್ಚೇನಲ್ಲ, ಕಡಿಮೆಯೂ ಅಲ್ಲ. ಅವಳ ಕೈಯ ಸುಟ್ಟ ಗೆಣಸು ತಿಂದೇ ನಾನು ಬೆಳೆದದ್ದು. ಆ ದಿನ ನಾನು ಅತ್ತಷ್ಟು ಅವಳ ಬಳಗದವರೂ ಅಳಲಿಲ್ಲ.

ಸಾವಿನ ಮನೆಯಲ್ಲಿ ಒಲೆ ಉರಿಯುವಂತಿಲ್ಲ. ಅದಕ್ಕೂ ಕಾಯ್ದೆಯಲ್ಲಿ ದಾರಿ ಇತ್ತು. ಬಾಡಿಗೆಯವರ ಬೆಂಕಿ ಸೂತಕ ಕಳೆಯುವ ತನಕ ಮಾಲೀಕನ ಮನೆಯಲ್ಲಿ ಇರಬೇಕು, ಮಾಲೀಕನ ಕೈಯೇ ಅದನ್ನು ಕಾಯಬೇಕು. ಮನೆಯ ಹೆಂಗಸರು ಮುಟ್ಟುವ ಹಾಗಿಲ್ಲ, ಆಳು ಮುಟ್ಟುವ ಹಾಗಿಲ್ಲ. ಅವನ ಕೈಯಲ್ಲಿ ಬೆಂಕಿ ಆರಿದರೆ ಆ ಮನೆಯ ಮೇಲಿನ ಮಾತು ಅವನ ಪಾಲಿಗೆ ಮುಗಿಯಿತು. ಸೂತಕ ಕಳೆದ ದಿನ ದೀಪ ಹಚ್ಚುವ ಹೊತ್ತಿನೊಳಗೆ ಬಾಡಿಗೆಯವನೇ ಬಂದು ತನ್ನ ಬೆಂಕಿ ತೆಗೆದುಕೊಂಡು ಹೋಗಬೇಕು. ಬಾರದಿದ್ದರೆ ಅವನ ಒಲೆ ತಣ್ಣಗಾದ ಲೆಕ್ಕ. ಹೆಣ ಎತ್ತುವ ಮುಂಚೆ ತಿಪ್ಪಣ್ಣ ಒಡೆದ ಗಡಿಗೆಯ ಬೋಕಿಯಲ್ಲಿ ನಿಂಬೆವ್ವನ ಕೆಂಡಗಳನ್ನು ಹಾಕಿಕೊಂಡು, ಮುಖ ಪಕ್ಕಕ್ಕೆ ತಿರುಗಿಸಿ, ತೋಳು ದೂರ ಚಾಚಿ ಹಿಡಿದು ತಂದ. ಅಪ್ಪ ಎರಡೂ ಕೈ ಒಡ್ಡಿ ಇಸಿದುಕೊಂಡ.

ಅಪ್ಪ ಅಲ್ಲಿಯವರೆಗೆ ಒಲೆಯ ಮೇಲೆ ಬೆಂದದ್ದನ್ನು ಉಂಡಿದ್ದನೇ ಹೊರತು ಒಲೆಯ ಮುಂದೆ ಕೂತವನಲ್ಲ. ಹಿತ್ತಲಲ್ಲಿ ಮೂರು ಕಲ್ಲಿಟ್ಟು, ಮೇಲೆ ತಗಡು ಮರೆಮಾಡಿ, ಊದುಗೊಳವೆ ಹಿಡಿದು ಕೂತ. ಜೀವಮಾನವಿಡೀ ಮೈದಾನದಲ್ಲಿ ಸೀಟಿ ಊದಿದ ಎದೆ, ಮೊದಲ ಊದಿಗೇ ಬೂದಿಯೆಲ್ಲ ಎದ್ದು ಮೀಸೆಯ ಮೇಲೆ ಕೂತಿತು, ಕೆಂಡ ಅರ್ಧ ಕಪ್ಪಾಯಿತು. ಅವ್ವ ದೂರದಲ್ಲಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಮುಟ್ಟುವ ಹಾಗಿಲ್ಲ, ಹೇಳಬಾರದು ಎಂದೇನೂ ಕಾಯ್ದೆಯಲ್ಲಿ ಇರಲಿಲ್ಲವಲ್ಲ. "ಊದೂದು ಅಂದ್ರ ಬೈಯೂದಲ್ಲ, ಸಣ್ಣ ಕೂಸಿನ ಕಣ್ಣಾಗ ಕಸ ಬಿದ್ರ ಹೆಂಗ ಊದತೀರಿ, ಹಂಗ," ಅಂದಳು. ಆ ದಿನಗಳಲ್ಲಿ ಅವ್ವ ಎಷ್ಟು ಖುಷಿಯಾಗಿದ್ದಳೆಂದರೆ, ನಿಂಬೆವ್ವ ನೆನಪಾಗಿ ಒಮ್ಮೆಲೇ ಸುಮ್ಮನಾಗಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಅಪ್ಪ ಕಲಿತ. ಕಷ್ಟಪಟ್ಟೇ ಕಲಿತ. ಬೆರಳೆಲ್ಲ ಬೊಬ್ಬೆ ಎದ್ದವು, ಧೋತರಕ್ಕೆ ಅಲ್ಲಲ್ಲಿ ತೂತು ಬಿದ್ದವು. ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಡಕ್ಕೆ ತಿರುಗಿ ಎಂದು ಹೇಳಿ ಮನೆಗೆ ಓಡಿ ಬಂದು ಕೆಂಡ ನೋಡಿ ಹೋಗುತ್ತಿದ್ದ. ಮಕ್ಕಳು ಅವನು ಬರುವ ತನಕ ಎಡಕ್ಕೇ ತಿರುಗಿ ನಿಂತಿರುತ್ತಿದ್ದರು. ಕೊನೆಕೊನೆಗೆ ಅವನಿಗೆ ಯಾವ ಕುಳ್ಳು ನಿಧಾನ ಉರಿಯುತ್ತದೆ, ಯಾವ ಕಟ್ಟಿಗೆಯ ಕೆಂಡ ಬೇಗ ಬಾಡುತ್ತದೆ ಎಂಬ ಜಂಬವೂ ಬಂತು. ಬೆಂಕಿಯ ಮುಂದೆ ಒಬ್ಬನೇ ಕೂತು ಏನೋ ಮಾತಾಡುತ್ತಿದ್ದ. ನಾನು ಕಿವಿಗೊಟ್ಟು ಕೇಳಿದೆ. ಹೊಟ್ಟು ಸಾಕೇನವ್ವ ಎಂದು ನಿಂಬೆವ್ವನನ್ನು ಕೇಳುತ್ತಿದ್ದ.

ಸೂತಕ ಕಳೆದ ದಿನ ಬಂತು. ಬೆಳಿಗ್ಗೆ ತಿಪ್ಪಣ್ಣ ತಲೆ ಬೋಳಿಸಿಕೊಂಡ, ಬಳಗದವರು ನಮ್ಮ ಮನೆಯಲ್ಲಿ ಉಂಡು ಊರಿಗೆ ಹೋದರು. ಅಪ್ಪ ಬೋಕಿ ತೊಳೆದು ಸಿದ್ಧವಾಗಿಟ್ಟು ಕಾದ. ಮಧ್ಯಾಹ್ನ ತಿಪ್ಪಣ್ಣ ಬರಲಿಲ್ಲ. ಹೊತ್ತು ಇಳಿಯಿತು, ಬರಲಿಲ್ಲ. ಅಷ್ಟು ಹತ್ತಿರದ ಮನೆ, ಬಾವಿ ದಾಟಿದರೆ ಬಾಗಿಲು. ಅಪ್ಪ ಹಿತ್ತಲಿಗೂ ಪಡಸಾಲೆಗೂ ಓಡಾಡಿದ. ಅವನು ಬರಬೇಕು ಅಂತ ಅಪ್ಪನಿಗೆ ಇತ್ತೋ, ಬಾರದಿರಲಿ ಅಂತ ಇತ್ತೋ, ಅವನ ಮುಖ ನೋಡಿದರೆ ಎರಡೂ ಇದ್ದ ಹಾಗೆ ಕಾಣುತ್ತಿತ್ತು. ಆ ಸಂಜೆ ಕಾಶಕ್ಕ ಯಾರೂ ಬಾರದೇ ಇದ್ದರೂ ತೊಟ್ಟಿಲು ಬಿಚ್ಚಿ, ಹಗ್ಗ ಸುತ್ತಿ ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಸಂಕಟವೂ ಆಯಿತು.

ದೀಪ ಹಚ್ಚುವ ಹೊತ್ತಿಗೆ ಸಣ್ಣಪ್ಪಜ್ಜ ಬಂದ. ಅಪ್ಪ, ಅಜ್ಜ ಮುಂದೆ, ನಾನು, ಅವ್ವ, ಕೂಸು ಎತ್ತಿಕೊಂಡ ಕಾಶಕ್ಕ ಹಿಂದೆ, ಎಲ್ಲರೂ ಹಿತ್ತಲಮನೆಗೆ ಹೋದೆವು. ತಿಪ್ಪಣ್ಣ ಅಡುಗೆಮನೆಯಲ್ಲಿ ಕೂತಿದ್ದ, ಒಲೆಯಿಂದ ದೂರ, ಎಂದಿನ ಹಾಗೆ. ಯಾಕೆ ಬರಲಿಲ್ಲ ಎಂದು ಅಪ್ಪ ಕೇಳಿದ. ಮರೆತೆಯಾ, ಮೈಯಲ್ಲಿ ಆರಾಮ ಇಲ್ಲವಾ ಎಂದೆಲ್ಲ ಕೇಳಿದ. ದೀಪ ಇನ್ನೂ ಹಚ್ಚಿಲ್ಲ, ಎದ್ದು ಬಾ, ನಾನು ಕಾಯುತ್ತೇನೆ ಎಂದೂ ಅಂದ. ಸಣ್ಣಪ್ಪಜ್ಜ ಮೂಗಿಗೆ ನಶ್ಯ ಏರಿಸುತ್ತ ಗೋಡೆಯ ಕಡೆ ನೋಡಿದ. ಮಾಲೀಕನಾದವನು ಹೀಗೆ ಕೇಳಿದ್ದನ್ನು ಅವನು ಕೇಳಿಸಿಕೊಳ್ಳುವ ಹಾಗಿರಲಿಲ್ಲ.

"ಮರತಿಲ್ಲ್ರಿ ಮಾಸ್ತರ," ಅಂದ ತಿಪ್ಪಣ್ಣ. "ಮುಂಜಾನಿಂದ ಅದನ್ನ ಯೋಚಿಸ್ಲಿಕತ್ತೇನಿ. ಇವತ್ತು ತಗೊಂಡು ಬಂದ್ರ ನಾಳೆ ನನ್ನ ಕೈಯಾಗ ಆರತೈತಿ. ಆಕಿ ಬೆಂಕಿ ನನ್ನ ಕೈಯಾಗ ಸಾಯೂದು ಬ್ಯಾಡ. ನೀವು ಕೈ ಇಡ್ರಿ. ನಿಮ್ಮ ಮಗಳು ಕೂಸು ಹೊತ್ತು ನಿಂತಾಳ."

ಅಪ್ಪ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಲಗೈ ಬೂದಿಯಲ್ಲಿ ಇಟ್ಟ. ಇಷ್ಟು ವರ್ಷ ಆ ಒಲೆಯಲ್ಲಿ ಯಾರಿಗೂ ಹಾಗೆ ಕೈ ಇಡುವುದು ಸಾಧ್ಯವಿರಲಿಲ್ಲ. ಹೇಳಬೇಕಾದದ್ದು ಎರಡೇ ಮಾತು. ಅಪ್ಪನ ಬಾಯಿಂದ ಅದು ಬರಲೊಲ್ಲದು. ಮೈದಾನದ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ಕೂಗುತ್ತಿದ್ದ ಮನುಷ್ಯ, ಮೊಣಕೈ ತನಕ ಬೂದಿ ಬಡಿದುಕೊಂಡು ಸುಮ್ಮನೆ ಕೂತ. ಕೊನೆಗೆ ಕೂಸು ಅತ್ತಿತು. ಆಗ ಅಪ್ಪ ಬೂದಿ ತಣ್ಣಗೈತಿ ಎಂದ. ಸಣ್ಣಪ್ಪಜ್ಜ ಹ್ಞೂಂ ಎಂದ. ಅಲ್ಲಿಗೆ ಕಾಯ್ದೆ ಪ್ರಕಾರ ಹಿತ್ತಲಮನೆ ನಮ್ಮದಾಯಿತು.

ತಿಪ್ಪಣ್ಣನಿಗೆ ನಮ್ಮ ಓಣಿಯ ತುದಿಯಲ್ಲಿ, ರೊಟ್ಟಿಹಂಚಿನ ವ್ಯಾಪಾರಿ ಅಡಿವೆಪ್ಪನ ಅಂಗಡಿಯ ಹಿಂದೆ ಒಂದು ಕೋಣೆ ಸಿಕ್ಕಿತು. ಅದೇ ಕೋಣೆಯ ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಅವನ ಬೆಂಡು, ಕಾಗದ. ಅಮಾವಾಸ್ಯೆಯ ಹಿಂದಿನ ದಿನ ಸಾಮಾನು ಕೈಗಾಡಿಗೆ ಏರಿತು. ಇನ್ನೂ ಒಂದು ಉಳಿದಿತ್ತು, ಅಪ್ಪ ಅಲ್ಲಿಯ ತನಕ ಕಾಯ್ದುಕೊಂಡಿದ್ದ ನಿಂಬೆವ್ವನ ಬೆಂಕಿ. ಬಿಟ್ಟುಹೋಗುವವನ ಬೆಂಕಿಯನ್ನು ಮಾಲೀಕ ಅವನ ಕೈಗೇ ಕೊಟ್ಟು ಕಳಿಸಬೇಕು, ಅವನು ಒಲ್ಲೆ ಎಂದರೆ ನೀರು ಹಾಕಬೇಕು. ತಿಪ್ಪಣ್ಣ ಒಲ್ಲೆ ಎಂದ. ಅವ್ವ ಕಟ್ಟೆಯಿಂದ ಎದ್ದು ಒಳಗೆ ಹೋಗಿಬಿಟ್ಟಳು. ಅಪ್ಪ ತಂಬಿಗೆ ಹಿಡಿದುಕೊಂಡು ಮೂರು ಕಲ್ಲಿನ ಮುಂದೆ ನಿಂತ. ಸ್ವಲ್ಪ ಹೊತ್ತಿನ ಮೇಲೆ ತಂಬಿಗೆಯ ನೀರನ್ನು ತುಳಸಿ ಗಿಡಕ್ಕೆ ಸುರಿದು, ಕೆಂಡಗಳನ್ನು ಬೋಕಿಗೆ ಹಾಕಿಕೊಂಡು, ನಡೆ ತಿಪ್ಪಣ್ಣ, ಇವತ್ತೊಂದು ದಿನ ನಾನೇ ಹಚ್ಚಿಕೊಡುತ್ತೇನೆ ಎಂದು ಕೈಗಾಡಿಯ ಹಿಂದೆ ನಡೆದ.

ಇವತ್ತೊಂದು ದಿನ ಎಂದದ್ದು ಹೋಗಿ ದಿನಾ ಆಯಿತು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ತಿಪ್ಪಣ್ಣ ಒಲೆಗೂ ಬೆಂಡಿಗೂ ನಡುವೆ ಒದ್ದೆ ಗೋಣಿಚೀಲ ಹಾಸಿಕೊಂಡು ಕೂತಿದ್ದನಂತೆ, ಕೆಂಡ ಇನ್ನೇನು ಕಣ್ಣು ಮುಚ್ಚುವುದರಲ್ಲಿತ್ತಂತೆ. ಅಪ್ಪ ಅದನ್ನು ಎಬ್ಬಿಸಿ ಬಂದ. ಸಂಜೆ ಹೋಗಿ ಮಲಗಿಸಿ ಬಂದ. ಊರು ಬಿಡುತ್ತದೆಯೇ? ಮನೆ ಬಿಡಿಸಿದ ಮಾಸ್ತರ ಒಲೆ ಬಿಡಲಿಲ್ಲ ಎಂದು ಕಟ್ಟೆ ಕಟ್ಟೆಯಲ್ಲಿ ಆಡಿಕೊಂಡರು. ಸ್ವಂತ ಮನೆಯ ಒಲೆಯನ್ನು ಒಂದು ದಿನ ಊದದವರು ಪರರ ಒಲೆ ಊದಲು ಹೋಗುತ್ತಾರೆ ಎಂದು ಅವ್ವನೂ ಅಂದಳು, ಅನ್ನುತ್ತಲೇ ಕುಳ್ಳಿನ ಬುಟ್ಟಿ ತುಂಬಿಸಿ ಕೊಟ್ಟಳು. ಹಿತ್ತಲಮನೆಯಲ್ಲಿ ಕಾಶಕ್ಕ ಒಲೆ ಹಚ್ಚಿದಳು, ಮಿಷನ್ನು ತಂದು ರವಿಕೆ ಹೊಲಿಯತೊಡಗಿದಳು, ತೊಟ್ಟಿಲು ತೊಲೆಗೆ ಗಟ್ಟಿಯಾಗಿ ಕಟ್ಟಿದಳು. ಅವಳು ದಿನಾ ರೊಟ್ಟಿ ಕಟ್ಟಿ ತಿಪ್ಪಣ್ಣನಿಗೆ ಕಳಿಸುತ್ತಿದ್ದಳು. ಅಪ್ಪನ ಬದಲು ತಾನು ಹೋಗಿ ಒಲೆ ನೋಡುತ್ತೇನೆ ಎಂದು ಒಮ್ಮೆ ಕೇಳಿದಳು. ನೀನು ಯಾಕೆ, ಕೈ ಇಟ್ಟವನು ನಾನು ಎಂದ ಅಪ್ಪ.

ಮದುವೆಯ ಎರಡು ಸುಗ್ಗಿ ಹೀಗೇ ಕಳೆದವು. ಅಡಿವೆಪ್ಪನಿಗೆ ಹಂಚು ಇಡಲು ಜಾಗ ಸಾಲದಾಯಿತು, ಕೋಣೆ ಬೇಕಾಯಿತು. ಅವನೇನೂ ಕೆಟ್ಟವನಲ್ಲ, ವ್ಯಾಪಾರಸ್ಥ. ತಿಪ್ಪಣ್ಣ ಬಾಸಿಂಗದ ಪೆಟ್ಟಿಗೆ ಹೊತ್ತು ಪರಊರಿಗೆ ಹೋಗಿದ್ದಾಗ, ಇತ್ತ ಅಪ್ಪ ಜ್ವರ ಬಂದು ಮಲಗಿದ್ದಾನೆಂಬ ಸುದ್ದಿ ಅಂಗಡಿಗೆ ಮುಟ್ಟಿತು. ಜ್ವರ ಹಿಂದಿನ ದಿನವೇ ಏರಿತ್ತು, ಸಂಜೆ ಅಪ್ಪನಿಗೆ ಎದ್ದು ಹೋಗಿ ಬೆಂಕಿ ಮಲಗಿಸುವುದೂ ಆಗಿರಲಿಲ್ಲ. ಬಡಬಡಿಸುತ್ತಿದ್ದವನ ಆರೈಕೆಯಲ್ಲಿ ನಮಗೂ ಅದು ಹೊಳೆಯಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟವನೇ ಗಾಬರಿಯಾಗಿ ಹೊದಿಕೆ ಸುತ್ತಿಕೊಂಡು ಹೊರಟ. ಅವ್ವ ತಡೆದಳು, ಕೇಳಲಿಲ್ಲ. ನಾನು ತೋಳು ಹಿಡಿದುಕೊಂಡು ಜೊತೆಗೆ ನಡೆದೆ. ಅಂಗಡಿಯ ಹಿಂದೆ ತಿರುಗುವಾಗ ಆ ಕಡೆಯಿಂದ ಅಡಿವೆಪ್ಪ, ಸಣ್ಣಪ್ಪಜ್ಜ ಬರುತ್ತಿದ್ದರು.

ಯಾರಾದರೂ ಒಲೆಯ ಮುಂದೆ ಕೂತಿದ್ದರೆ ಅವರು ಏಳುವ ತನಕ ಮಾಲೀಕ ಹೊಸ್ತಿಲಲ್ಲಿ ನಿಲ್ಲಬೇಕು ಎಂಬುದೂ ಕಾಯ್ದೆಯೇ. ಅಪ್ಪ ಓಡಲಿಲ್ಲ, ಅವರಿಗಿಂತ ನಾಲ್ಕು ಹೆಜ್ಜೆ ಮೊದಲು ಒಳಗೆ ಹೋಗಿ ಕೂತ, ಅಷ್ಟೇ. ನಾನು ಪಕ್ಕದಲ್ಲಿ ಕೂತೆ. ಅಪ್ಪ ಮೇಲಿನ ಬೂದಿ ಸರಿಸಿದ, ಕೆಳಗೆ ಎಲ್ಲ ಕಪ್ಪು. ಇನ್ನೂ ಸರಿಸಿದ, ಕಪ್ಪು. ನಿಂಬೆವ್ವನ ತವರಿನ ಬೆಂಕಿ, ತಿಪ್ಪಣ್ಣನ ಸೂರು ಎರಡೂ ಹೋದವು ಅಂದುಕೊಂಡೆ, ಛತ್ರದ ಸಾಲಿನಲ್ಲಿ ಅವನು ಮಲಗಿದ್ದು ಕಂಡ ಹಾಗಾಯಿತು. ಅಪ್ಪ ಊದುಗೊಳವೆ ಮುಟ್ಟಲಿಲ್ಲ. ಎರಡು ಕಪ್ಪು ಇದ್ದಿಲನ್ನು ಬೇರೆ ಮಾಡಿ, ನಡುವಿನ ಸಂದಿಗೆ ಬಾಯಿ ಹತ್ತಿರ ತಂದು, ಉಸಿರು ಬಿಟ್ಟನೋ ಇಲ್ಲವೋ ಅನ್ನುವ ಹಾಗೆ ಊದಿದ. ಒಂದು ಸಾಸಿವೆ ಕಾಳಿನಷ್ಟು ಕೆಂಪು ಕಂಡಿತು. ಅವನು ಹೊಟ್ಟು ಉದುರಿಸಿ ಮತ್ತೆ ಊದಿದ. ಜ್ವರದಿಂದ ಅವನ ತುಟಿ ಒಡೆದಿದ್ದವು, ಬೆನ್ನು ನಡುಗುತ್ತಿತ್ತು. ಅಪ್ಪನ ಮೇಲೆ ಆ ಹೊತ್ತು ನನಗೆ ಉಕ್ಕಿ ಬಂದಷ್ಟು ಪ್ರೀತಿ ಮತ್ತೆ ಯಾರ ಮೇಲೂ ಬಂದಿಲ್ಲ, ಗಂಡನ ಮೇಲೂ ಇಲ್ಲ.

ಹೊಗೆಯ ಎಳೆ ಎದ್ದಿತು, ಆದರೆ ಸುತ್ತಲಿನ ಬೂದಿ ಇನ್ನೂ ತಣ್ಣಗೇ ಇತ್ತು. ಅಪ್ಪ ಆಮೇಲೆ ಪಕ್ಕಕ್ಕೆ ಸರಿದು ಅಡಿವೆಪ್ಪನಿಗೆ ಜಾಗ ಬಿಟ್ಟ. ಅಡಿವೆಪ್ಪ ಬಂದು ಒಲೆಯ ಮುಂದೆ ಕೂತ. ಕೈ ಇಡಲಿಲ್ಲ, ಅಪ್ಪನನ್ನೇ ನೋಡಿದ.

"ಮಾಸ್ತರ, ಇದ ಮನಷ್ಯಾನ್ನ ನೀವ ಕೈ ಇಟ್ಟು ಮನಿ ಬಿಡಿಸಿದ್ರಿ. ನೀವು ಮಾಡಿದ್ದು ಕಾಯ್ದೆ, ನಾ ಮಾಡಿದ್ರ ತಪ್ಪೇನು?"

"ತಪ್ಪಲ್ಲ ಅಡಿವೆಪ್ಪ. ಇಡು," ಅಂದ ಅಪ್ಪ. "ಆದ್ರ ತಿಳಕೊಂಡು ಇಡು. ಅವತ್ತು ತಣ್ಣನ ಬೂದ್ಯಾಗ ಇಟ್ಟ ಈ ಕೈ ಇನ್ನೂ ಬೆಚ್ಚಗಾಗಿಲ್ಲ."

ಹೇಳಿ ಅಪ್ಪ ತನ್ನ ಬಲಗೈಯನ್ನು ಅವನ ಮುಂದೆ ಚಾಚಿದ. ಜ್ವರದಿಂದ ಸುಡುತ್ತಿದ್ದ, ಬೊಬ್ಬೆ ಒಡೆದು ಗಡುಸಾದ ಕೈ. ಅಡಿವೆಪ್ಪ ಆ ಕೈಯನ್ನು ಒಮ್ಮೆ ಮುಟ್ಟಿ ನೋಡಿದ. ಆಮೇಲೆ ಎದ್ದು ಅಂಗಡಿಗೆ ಹೋದ, ಹಂಚುಗಳನ್ನು ಹೊರಗೆ ಮಳೆಗಾಳಿಯಲ್ಲೇ ಜೋಡಿಸಿಕೊಂಡ, ತಿಪ್ಪಣ್ಣ ಸಾಯುವ ತನಕ ಮತ್ತೆ ಆ ಕೋಣೆಯ ಮಾತು ಎತ್ತಲಿಲ್ಲ.